ಎಚ್.ಆರ್. ಖನ್ನಾ: ಸುಪ್ರೀಂ ಕೋರ್ಟ್ ಜಡ್ಜ್, ಮೂರು ದಿನದ ಕಾನೂನು ಮಂತ್ರಿ – ಪದೇ ಪದೇ ಕೇಳುವ ಪ್ರಶ್ನೆಗಳು

ತುರ್ತು ಪರಿಸ್ಥಿತಿಯ ಮಾತು ಬಂದಾಗಲೆಲ್ಲ ಖನ್ನಾ ಹೆಸರು ಬರುತ್ತದೆ. ಸರ್ಕಾರದ ವಿರುದ್ಧ ಭಿನ್ನ ತೀರ್ಪು ಬರೆದರು, ಮುಖ್ಯ ನ್ಯಾಯಮೂರ್ತಿ ಸ್ಥಾನ ಕಳೆದುಕೊಂಡರು, ಅಲ್ಲಿಗೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮುಗಿದಿರಲಿಲ್ಲ. ಆಮೇಲೆ ಕಾನೂನು ಸುಧಾರಣೆಗೆ ಸರ್ಕಾರಕ್ಕೆ ಸಲಹೆ ಕೊಡುವ ಕಾನೂನು ಆಯೋಗ, ಮೂರೇ ದಿನದ ಮಂತ್ರಿಗಿರಿ, ರಾಷ್ಟ್ರಪತಿ ಚುನಾವಣೆ ಎಲ್ಲ ಇದೆ. ಕಾನೂನು ಓದುವ ಹುಡುಗರು, ಪರೀಕ್ಷೆಗೆ ತಯಾರಾಗುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಖನ್ನಾ ಸುಪ್ರೀಂ ಕೋರ್ಟಿನವರೆಗೆ ಬಂದ ದಾರಿ ಯಾವುದು?

ಹಂಸರಾಜ ಖನ್ನಾ ಹುಟ್ಟಿದ್ದು 1912ರ ಜುಲೈ 3ರಂದು, ಅಮೃತಸರದಲ್ಲಿ. ಮೊದಲು ವಕೀಲರು. 1952ರಲ್ಲಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಾದರು. 1962ರಲ್ಲಿ ಪಂಜಾಬ್ ಹೈಕೋರ್ಟ್, 1966ರಲ್ಲಿ ಹೊಸದಾಗಿ ಶುರುವಾದ ದೆಹಲಿ ಹೈಕೋರ್ಟ್, 1969ರಲ್ಲಿ ಅದರ ಮುಖ್ಯ ನ್ಯಾಯಮೂರ್ತಿ, 1971ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್. ಅಂದರೆ ಜಿಲ್ಲಾ ಕೋರ್ಟಿನಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವರು. ರಾಜಕೀಯದ ನಂಟಿನಿಂದ ಪೀಠಕ್ಕೆ ಬಂದವರಲ್ಲ. ಇದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಕೇಶವಾನಂದ ಭಾರತಿ ಕೇಸಿನಲ್ಲಿ ಅವರ ಮತವೇ ನಿರ್ಣಾಯಕ ಅನ್ನುತ್ತಾರಲ್ಲ, ನಿಜವಾ?

ನಿಜ. ಎಡನೀರು ಮಠದ ಸ್ವಾಮೀಜಿಗಳ ಹೆಸರಿನ ಈ ಕೇಸಿನಲ್ಲಿ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರಲ್ಲಿ ಒಡೆಯಿತು. ಆರು ಜನ ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿ ಇದೆ ಅಂದರು, ಆರು ಜನ ಇಲ್ಲ ಅಂದರು. ಖನ್ನಾ ನಡುವಿನ ಮಾತು ಹೇಳಿದರು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಮೂಲಭೂತ ಹಕ್ಕನ್ನೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನೇ ಕಿತ್ತುಹಾಕುವಂತಿಲ್ಲ. ಆಸ್ತಿ ಹಕ್ಕು ಈ ಮೂಲ ಸ್ವರೂಪಕ್ಕೆ ಸೇರಿದ್ದಲ್ಲ ಅಂತಲೂ ಹೇಳಿದರು. ಹಾಗಾಗಿ ಅವರನ್ನು ಜಮೀನ್ದಾರರ ಪರ, ಸರ್ಕಾರದ ವಿರೋಧಿ ಅಂತ ಹಣೆಪಟ್ಟಿ ಹಚ್ಚಲು ಬರುವುದಿಲ್ಲ. ಮರುದಿನವೇ ಸರ್ಕಾರ ತನ್ನ ವಿರುದ್ಧ ಬರೆದಿದ್ದ ಹಿರಿಯ ನ್ಯಾಯಮೂರ್ತಿಗಳಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗೆ ಸರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರೂ ರಾಜೀನಾಮೆ ಕೊಟ್ಟರು.

ಅಂದರೆ ಸರ್ಕಾರಕ್ಕೆ ಇಷ್ಟವಿಲ್ಲದ ತೀರ್ಪು ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಖನ್ನಾ 1973ರಲ್ಲೇ ಕಣ್ಣಾರೆ ನೋಡಿದ್ದರು. 1976ರಲ್ಲಿ ಅವರು ಮಾಡಿದ್ದನ್ನು ತೂಗಿ ನೋಡುವಾಗ ಇದು ನೆನಪಿರಬೇಕು.

1976ರ ಎಡಿಎಂ (ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್) ಜಬಲ್ಪುರ ಕೇಸಿನಲ್ಲಿ ಆಗಿದ್ದೇನು?

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮೀಸಾ, ಅಂದರೆ ಆಂತರಿಕ ಭದ್ರತಾ ಕಾಯ್ದೆಯಲ್ಲಿ ಸಾವಿರಾರು ಜನರನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿದರು. ಬಂಧನ ಕಾನೂನುಬದ್ಧವೇ ಅಂತ ಕೋರ್ಟು ನೋಡಲಿ ಅನ್ನುವ ಹೇಬಿಯಸ್ ಕಾರ್ಪಸ್ ಅರ್ಜಿಗಳು ಹೈಕೋರ್ಟ್‌ಗಳಿಗೆ ಹೋದವು. ಸರ್ಕಾರದ ವಾದ ಇಷ್ಟೇ: ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿಯ ಜಾರಿಗೆ ಕೋರ್ಟಿಗೆ ಹೋಗುವ ಹಕ್ಕನ್ನು ರಾಷ್ಟ್ರಪತಿ ಆದೇಶದಿಂದ ಅಮಾನತು ಮಾಡಿದ್ದೇವೆ, ಹಾಗಾಗಿ ಬಂಧನ ಸರಿಯೋ ತಪ್ಪೋ ಅಂತ ಯಾವ ಕೋರ್ಟೂ ಕೇಳುವಂತಿಲ್ಲ. ಒಂಬತ್ತು ಹೈಕೋರ್ಟ್‌ಗಳು ಇದನ್ನು ಒಪ್ಪಲಿಲ್ಲ. ಸರ್ಕಾರ ಸುಪ್ರೀಂ ಕೋರ್ಟಿಗೆ ಬಂತು.

ಪೀಠದಲ್ಲಿ ಐದು ಜನ: ರೇ, ಖನ್ನಾ, ಬೇಗ್, ವೈ.ವಿ. ಚಂದ್ರಚೂಡ್, ಭಗವತಿ. ವಾದದ ನಡುವೆ ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. 21ನೇ ವಿಧಿಯಲ್ಲಿ ಸ್ವಾತಂತ್ರ್ಯ ಮಾತ್ರವಲ್ಲ, ಜೀವವೂ ಇದೆ. ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷಕ್ಕೆ ಒಬ್ಬನನ್ನು ಕೊಂದರೆ, ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ವಾ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಅಂದರು ಡೇ. ಇದು ನಿಮ್ಮ ಆತ್ಮಸಾಕ್ಷಿಗೆ ಆಘಾತ ತರಬಹುದು, ನನ್ನದಕ್ಕೂ ತರುತ್ತದೆ, ಆದರೆ ಕಾನೂನು ಹೀಗಿದೆ ಅನ್ನುವ ಧಾಟಿ. ಸರ್ಕಾರಿ ವಕೀಲರ ಬಾಯಿಂದಲೇ ಈ ಮಾತು ಹೊರಡಿಸಿದ್ದು ಆ ಒಂದೇ ಪ್ರಶ್ನೆ. ವಿಚಾರಣೆಯಲ್ಲಿ ಉದ್ದುದ್ದ ಮಾತಾಡುವ ಜಡ್ಜ್‌ಗಳು ಬೇಕಾದಷ್ಟು ಜನ ಸಿಗುತ್ತಾರೆ, ಎದುರು ಪಕ್ಷದ ವಾದವನ್ನು ಅದರ ಕೊನೆಯ ತುದಿಯವರೆಗೆ ನಡೆಸಿಕೊಂಡು ಹೋಗಿ ಅಲ್ಲಿ ನಿಲ್ಲಿಸುವ ಇಂಥ ಪ್ರಶ್ನೆ ಕೇಳುವವರು ಅಪರೂಪ.

1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪರ ಬರೆದರು, ಖನ್ನಾ ಒಬ್ಬರೇ ವಿರುದ್ಧ. ಜೀವ ಮತ್ತು ಸ್ವಾತಂತ್ರ್ಯ ಸಂವಿಧಾನ ದಯಪಾಲಿಸಿದ ಉಡುಗೊರೆಯಲ್ಲ, 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಬಲವಿಲ್ಲದೆ ಒಬ್ಬನ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಸರ್ಕಾರ ಕಸಿಯುವಂತಿಲ್ಲ ಅನ್ನುವುದು ಅವರ ತೀರ್ಪಿನ ತಿರುಳು.

ಇದರಿಂದ ಸ್ಥಾನ ಹೋಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತಾ?

ಗೊತ್ತಿತ್ತು. ತೀರ್ಪು ಸಿದ್ಧಪಡಿಸಿದ್ದೇನೆ, ಇದಕ್ಕೆ ನಾನು ಮುಖ್ಯ ನ್ಯಾಯಮೂರ್ತಿ ಹುದ್ದೆಯನ್ನೇ ಬೆಲೆಯಾಗಿ ತೆರಬೇಕಾಗುತ್ತದೆ ಅಂತ ತಂಗಿಯ ಬಳಿ ಹೇಳಿದ್ದಾಗಿ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಕರ್ನಾಟಕಕ್ಕೂ ಈ ಕೇಸಿಗೂ ಏನು ಸಂಬಂಧ?

ತುಂಬಾ ಇದೆ, ನಮ್ಮಲ್ಲೇ ಜಾಸ್ತಿ ಜನರಿಗೆ ಗೊತ್ತಿಲ್ಲ. ತುರ್ತು ಪರಿಸ್ಥಿತಿ ಘೋಷಣೆಯಾದಾಗ ಆಡ್ವಾಣಿ, ವಾಜಪೇಯಿ, ಮಧು ದಂಡವತೆ ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿನಲ್ಲಿದ್ದರು. ಇಲ್ಲೇ ಬಂಧನವಾಯಿತು, ಇಲ್ಲಿನ ಜೈಲಿಗೇ ಹೋದರು, ಇಲ್ಲಿನ ಹೈಕೋರ್ಟಿಗೇ ಅರ್ಜಿ ಹಾಕಿದರು. ಅರ್ಜಿ ವಿಚಾರಣೆಗೆ ಯೋಗ್ಯ ಅಂತ ಹೇಳಿದ ಹೈಕೋರ್ಟ್‌ಗಳಲ್ಲಿ ಕರ್ನಾಟಕವೂ ಒಂದು. ಆಮೇಲೆ ದೇಶದ ಹೈಕೋರ್ಟ್ ಜಡ್ಜ್‌ಗಳ ಸಾಮೂಹಿಕ ವರ್ಗಾವಣೆ ನಡೆಯಿತಲ್ಲ, ಅದರಲ್ಲಿ ಇಲ್ಲಿನ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋದರು, ಸದಾನಂದಸ್ವಾಮಿ ಗುವಾಹಟಿಗೆ. ಖನ್ನಾ ಒಬ್ಬರೇ ಧೈರ್ಯ ಮಾಡಿದರು ಅನ್ನುವುದು ಸುಪ್ರೀಂ ಕೋರ್ಟಿನ ಮಟ್ಟಿಗೆ ಸರಿ. ದೇಶದ ಮಟ್ಟಿಗೆ ಸರಿಯಲ್ಲ.

ಮುಖ್ಯ ನ್ಯಾಯಮೂರ್ತಿ ಸ್ಥಾನ ಹೇಗೆ ತಪ್ಪಿತು?

1977ರ ಜನವರಿ ಕೊನೆಯಲ್ಲಿ ರೇ ನಿವೃತ್ತರಾದರು. ಸೀನಿಯಾರಿಟಿ ಪ್ರಕಾರ ಮುಂದಿನವರು ಖನ್ನಾ. ಸರ್ಕಾರ ಅವರನ್ನು ದಾಟಿ ಎಂ.ಎಚ್. ಬೇಗ್ ಅವರನ್ನು ನೇಮಿಸಿತು. ಖನ್ನಾ ರಾಜೀನಾಮೆ ಕೊಟ್ಟರು. ದಿನಾಂಕ ಗಮನಿಸಿ: ಇಂದಿರಾ ಗಾಂಧಿ ಲೋಕಸಭೆ ಚುನಾವಣೆ ಘೋಷಿಸಿದ್ದು ಜನವರಿ 18ರಂದು. ಕೈದಿಗಳ ಬಿಡುಗಡೆ ಶುರುವಾಗಿತ್ತು, ವಾತಾವರಣ ಸಡಿಲವಾಗುತ್ತಿತ್ತು, ಅಂಥ ಹೊತ್ತಿನಲ್ಲೂ ಈ ಲೆಕ್ಕ ಮಾತ್ರ ಚುಕ್ತಾ ಆಗಲೇಬೇಕಿತ್ತು.

ಖನ್ನಾಗೆ ಐದು ತಿಂಗಳಷ್ಟೇ ಅವಧಿ ಉಳಿದಿತ್ತು, ಅದಕ್ಕೇ ಬಿಟ್ಟರು ಅಂತ ಸಮರ್ಥಿಸುವವರು ಈಗಲೂ ಸಿಗುತ್ತಾರೆ. ಈ ವಾದ ನಿಲ್ಲುವುದಿಲ್ಲ. ಜೆ.ಸಿ. ಷಾ 1970–71ರಲ್ಲಿ ಸುಮಾರು ಐದು ವಾರ ಮಾತ್ರ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಎ.ಕೆ. ಸರ್ಕಾರ್ 1966ರಲ್ಲಿ ಮೂರೂವರೆ ತಿಂಗಳು. ಆಗ ಅಡ್ಡ ಬರದ ಅವಧಿ 1977ರಲ್ಲಿ ಮಾತ್ರ ಅಡ್ಡ ಬಂತು.

ಸುಪ್ರೀಂ ಕೋರ್ಟ್ ಜಡ್ಜ್ ರಾಜೀನಾಮೆ ಕೊಟ್ಟರೆ ಯಾರು ಒಪ್ಪಬೇಕು?

ಯಾರೂ ಒಪ್ಪಬೇಕಾಗಿಲ್ಲ. 124ನೇ ವಿಧಿಯ ಪ್ರಕಾರ ರಾಷ್ಟ್ರಪತಿಗೆ ತಮ್ಮ ಕೈಬರಹದ ಸಹಿ ಹಾಕಿ ಪತ್ರ ಕೊಟ್ಟರೆ ಆಯಿತು. ಹೈಕೋರ್ಟಿಗೆ 217ನೇ ವಿಧಿಯಲ್ಲಿ ಇದೇ ಏರ್ಪಾಡು. ಮುಂದಿನ ದಿನಾಂಕ ಹಾಕಿ ಕೊಟ್ಟಿದ್ದರೆ ಆ ದಿನ ಬರುವ ಮೊದಲು ಹಿಂಪಡೆಯಬಹುದು ಅಂತ ಗೋಪಾಲಚಂದ್ರ ಮಿಶ್ರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖನ್ನಾ ಹಿಂಪಡೆಯಲಿಲ್ಲ. ಅವರ ರಾಜೀನಾಮೆ ಮಾರ್ಚ್ 12ರಿಂದ ಜಾರಿಗೆ ಬಂತು. ಆ ಹೊತ್ತಿಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡು, ನಮ್ಮ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಅದೇ ತಿಂಗಳು ಇಂದಿರಾ ಸೋತರು.

ಹಾಗಾದರೆ ಕಾನೂನು ಮಂತ್ರಿ ಆಗಿದ್ದು ಜನತಾ ಸರ್ಕಾರದಲ್ಲಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಅಲ್ಲ. ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಕಾನೂನು ಮಂತ್ರಿ ಶಾಂತಿಭೂಷಣ್. ಖನ್ನಾ ಆ ಕಾಲದಲ್ಲಿ ಕಾನೂನು ಆಯೋಗದ ಅಧ್ಯಕ್ಷರಾಗಿದ್ದರು. ಅವರಿಗೆ ಒಗ್ಗುವ ಕೆಲಸ ಅದು: ಓದು, ಬರಹ, ವರದಿ.

1979ರ ಜುಲೈನಲ್ಲಿ ಜನತಾ ಪಕ್ಷ ಒಡೆಯಿತು. ಜುಲೈ 28ರಂದು ಚರಣ್ ಸಿಂಗ್ ಪ್ರಧಾನಿಯಾದರು. ಅವರ ಸಂಪುಟದಲ್ಲಿ ಖನ್ನಾ ಕಾನೂನು ಮಂತ್ರಿ. ಮೂರೇ ದಿನಕ್ಕೆ ಬಿಟ್ಟು ಹೊರಬಂದರು. ಆ ಜಾಗಕ್ಕೆ ಎಸ್.ಎನ್. ಕಾಕರ್ ಬಂದರು. ಸರ್ಕಾರವೂ ಬಾಳಲಿಲ್ಲ, ಸಂಸತ್ತನ್ನು ಎದುರಿಸುವ ಮೊದಲೇ ಆಗಸ್ಟ್ 20ರಂದು ಚರಣ್ ಸಿಂಗ್ ರಾಜೀನಾಮೆ ಕೊಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ಸೇರಿದ್ದೇ ತಪ್ಪು, ಬಿಟ್ಟಿದ್ದು ಸರಿ. ಯಾಕೆಂದರೆ ಆ ಸರ್ಕಾರ ನಿಂತಿದ್ದು ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ. ಯಾರ ಸರ್ಕಾರ ತನ್ನನ್ನು ದಾಟಿ ಹೋಗಿತ್ತೋ ಅವರ ಕೃಪೆಯಲ್ಲಿ ಕಾನೂನು ಖಾತೆ ನಡೆಸುವುದು ಖನ್ನಾ ಅಂಥವರಿಗೆ ಆಗುವ ಮಾತಲ್ಲ. ಹಾಗಂತ ಈ ಮೂರು ದಿನವನ್ನು ಹಿಡಿದುಕೊಂಡು ಅವರಿಗೂ ಕುರ್ಚಿ ಆಸೆ ಇತ್ತು ನೋಡಿ ಅನ್ನುವವರಿಗೆ ಒಂದು ಮಾತು: ಕುರ್ಚಿ ಆಸೆಯ ಮನುಷ್ಯ 1976ರಲ್ಲಿ ನಾಲ್ವರ ಜೊತೆ ಸಹಿ ಹಾಕಿ, 1977ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ಆಗುತ್ತಿದ್ದ. ಅದಕ್ಕಿಂತ ದೊಡ್ಡ ಕುರ್ಚಿ ಯಾವುದು?

ಎಂಪಿ ಅಲ್ಲದವರು ಮಂತ್ರಿ ಆಗೋದು ಹೇಗೆ?

75(5)ನೇ ವಿಧಿ. ಆರು ತಿಂಗಳವರೆಗೆ ಅವಕಾಶ ಇದೆ. ಅಷ್ಟರೊಳಗೆ ಯಾವುದಾದರೂ ಸದನದ ಸದಸ್ಯರಾಗದಿದ್ದರೆ ಮಂತ್ರಿಗಿರಿ ಹೋಗುತ್ತದೆ. ಖನ್ನಾ ವಿಷಯದಲ್ಲಿ ಈ ಪ್ರಶ್ನೆ ಏಳಲೇ ಇಲ್ಲ.

ನಿವೃತ್ತ ಜಡ್ಜ್ ಮಂತ್ರಿ ಆಗಬಾರದು ಅಂತ ಸಂವಿಧಾನದಲ್ಲಿ ಇಲ್ವಾ?

ಇಲ್ಲ. ಇರುವುದು ಬೇರೆ ನಿರ್ಬಂಧ. 124(7)ರ ಪ್ರಕಾರ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದವರು ಭಾರತದ ಯಾವ ಕೋರ್ಟಿನಲ್ಲೂ ವಕೀಲಿಕೆ ಮಾಡುವಂತಿಲ್ಲ. 220ನೇ ವಿಧಿಯಂತೆ ಹೈಕೋರ್ಟಿನ ಕಾಯಂ ಜಡ್ಜ್ ಆಗಿದ್ದವರು ಸುಪ್ರೀಂ ಕೋರ್ಟಿನಲ್ಲಿ ಮತ್ತು ಬೇರೆ ಹೈಕೋರ್ಟ್‌ಗಳಲ್ಲಿ ಮಾತ್ರ ಮಾಡಬಹುದು. ಮಂತ್ರಿ, ರಾಜ್ಯಪಾಲ, ರಾಯಭಾರಿ, ಎಂಪಿ ಆಗಲು ಅಡ್ಡಿಯಿಲ್ಲ. ಲೆಕ್ಕಪರಿಶೋಧಕರಿಗೆ, ಅಂದರೆ ಸಿಎಜಿಗೆ, ಹುದ್ದೆ ಬಿಟ್ಟ ಮೇಲೆ ಸರ್ಕಾರಿ ಹುದ್ದೆ ಬೇಡ ಅಂತ 148ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಜಡ್ಜ್‌ಗಳಿಗೆ ಆ ಸಾಲು ಬರೆಯಲಿಲ್ಲ.

ಬರೆಯಿರಿ ಅಂತ 1958ರಲ್ಲೇ ಸೆತಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿತು. ತಮಾಷೆ ಏನಪ್ಪಾ ಅಂದರೆ, ಆ ಆಯೋಗದ ಸದಸ್ಯರಲ್ಲಿ ಒಬ್ಬರಾದ ಬಾಂಬೆ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಆ ವರ್ಷವೇ ಹುದ್ದೆ ಬಿಟ್ಟು ಅಮೆರಿಕಕ್ಕೆ ರಾಯಭಾರಿಯಾಗಿ ಹೋದರು. ಆಮೇಲೆ ಕೇಂದ್ರದಲ್ಲಿ ಶಿಕ್ಷಣ ಮಂತ್ರಿ, ವಿದೇಶಾಂಗ ಮಂತ್ರಿ. ಸೆತಲ್ವಾಡ್ ಇದನ್ನು ಮರೆಯಲಿಲ್ಲ, ತಮ್ಮ ಆತ್ಮಕಥೆಯಲ್ಲಿ ಚೆನ್ನಾಗಿಯೇ ಕುಟುಕಿದ್ದಾರೆ.

ಜಡ್ಜ್ ಆಗಿದ್ದು ಕಾನೂನು ಮಂತ್ರಿ ಆದವರು ಬೇರೆ ಯಾರಿದ್ದಾರೆ?

ಮುಖ್ಯವಾಗಿ ಇಬ್ಬರನ್ನು ಹೇಳಬೇಕು.

ಎಚ್.ಆರ್. ಗೋಖಲೆ. ಬಾಂಬೆ ಹೈಕೋರ್ಟ್ ಜಡ್ಜ್ ಆಗಿದ್ದವರು. ಅರವತ್ತರ ದಶಕದಲ್ಲೇ ಆ ಹುದ್ದೆ ಬಿಟ್ಟು ವಕೀಲಿಕೆಗೆ ಮರಳಿದರು. 1971ರಲ್ಲಿ ಲೋಕಸಭೆಗೆ ಗೆದ್ದು ಕಾನೂನು ಮಂತ್ರಿಯಾದರು, 1977ರವರೆಗೂ ಅವರೇ. ಅಂದರೆ 1973ರ ಮೂವರನ್ನು ದಾಟಿದ್ದು, ಪ್ರಧಾನಿಯ ಆಯ್ಕೆಯನ್ನು ಕೋರ್ಟ್ ಪ್ರಶ್ನಿಸದಂತೆ ಮಾಡಿದ 39ನೇ ತಿದ್ದುಪಡಿ, ಕೋರ್ಟುಗಳ ಅಧಿಕಾರ ಮೊಟಕು ಮಾಡಿದ 42ನೇ ತಿದ್ದುಪಡಿ, ಜಡ್ಜ್‌ಗಳ ವರ್ಗಾವಣೆ, ಕೊನೆಗೆ ಖನ್ನಾರನ್ನು ದಾಟಿದ್ದು, ಇಷ್ಟೂ ನಡೆದಾಗ ಕಾನೂನು ಖಾತೆಯಲ್ಲಿ ಕೂತಿದ್ದು ಒಬ್ಬ ಮಾಜಿ ಜಡ್ಜ್. ಮಾಜಿ ಜಡ್ಜ್ ಮಂತ್ರಿಯಾದರೆ ನ್ಯಾಯಾಂಗಕ್ಕೆ ರಕ್ಷಣೆ ಸಿಗುತ್ತದೆ ಅನ್ನುವವರು ಈ ಆರು ವರ್ಷವನ್ನೊಮ್ಮೆ ನೋಡಬೇಕು. 1977ರಲ್ಲಿ ಅವರನ್ನು ಸೋಲಿಸಿದವರು ರಾಮ್ ಜೇಠ್ಮಲಾನಿ.

ಪಿ. ಶಿವಶಂಕರ್. ಆಂಧ್ರಪ್ರದೇಶ ಹೈಕೋರ್ಟಿನಲ್ಲಿ ಒಂದೆರಡು ವರ್ಷ ಜಡ್ಜ್, 1980ರಲ್ಲಿ ಕಾನೂನು ಮಂತ್ರಿ. ಹೆಚ್ಚುವರಿ (ಕಾಯಂ ಅಲ್ಲದ) ನ್ಯಾಯಮೂರ್ತಿಗಳಿಂದ ಬೇರೆ ರಾಜ್ಯಕ್ಕೆ ಹೋಗಲು ಒಪ್ಪಿಗೆ ಪಡೆಯಿರಿ ಅಂತ 1981ರ ಮಾರ್ಚ್ 18ರಂದು ಅವರು ಕಳಿಸಿದ ಸುತ್ತೋಲೆಯಿಂದಲೇ ಜಡ್ಜ್ ನೇಮಕ, ವರ್ಗಾವಣೆಯಲ್ಲಿ ಕೊನೆಯ ಮಾತು ಯಾರದು ಅನ್ನುವ ಎಸ್.ಪಿ. ಗುಪ್ತಾ ಕೇಸು ಎದ್ದಿತು, ಈಗ ನಾವು ಮೊದಲ ಜಡ್ಜ್‌ಗಳ ಕೇಸು ಅನ್ನುತ್ತೇವಲ್ಲ, ಅದೇ. 1987ರಲ್ಲಿ ಕೇಂದ್ರ ಮಂತ್ರಿಯಾಗಿದ್ದಾಗ ಹೈದರಾಬಾದಿನಲ್ಲಿ ಸುಪ್ರೀಂ ಕೋರ್ಟು ಸಮಾಜವಿರೋಧಿಗಳಿಗೆ ಆಶ್ರಯತಾಣವಾಗಿದೆ ಎಂಬರ್ಥದ ಭಾಷಣ ಮಾಡಿದರು. ನ್ಯಾಯಾಂಗ ನಿಂದನೆ ಅರ್ಜಿ ಬಂತು, ಕೋರ್ಟು ಇದು ನಿಂದನೆಯಲ್ಲ ಅಂತ ಬಿಟ್ಟಿತು. ಒಳ್ಳೆಯ ತೀರ್ಪು ಅದು. ಆದರೆ ಇದೇ ಮಾತನ್ನು ಬೀದಿಯಲ್ಲಿ ನಿಂತ ಸಾಮಾನ್ಯ ಮನುಷ್ಯ ಆಡಿದ್ದರೆ ಅಷ್ಟೇ ಸಲೀಸಾಗಿ ಬಿಡುತ್ತಿದ್ದರಾ ಅನ್ನುವ ಅನುಮಾನ ನನಗಿದೆ.

ಉಲ್ಟಾ ದಾರಿಯಲ್ಲಿ, ಮಂತ್ರಿಯಾಗಿದ್ದು ಜಡ್ಜ್ ಆದವರು?

ವಿ.ಆರ್. ಕೃಷ್ಣ ಅಯ್ಯರ್. 1957ರ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರದಲ್ಲಿ ಕಾನೂನು ಮಂತ್ರಿ, ಆಮೇಲೆ ಕೇರಳ ಹೈಕೋರ್ಟ್, 1973ರಲ್ಲಿ ಸುಪ್ರೀಂ ಕೋರ್ಟ್.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಲೋಕಸಭೆಗೆ ಇಂದಿರಾ ಆಯ್ಕೆಯನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿಗೆ ಬೇಸಿಗೆ ರಜೆ, ರಜಾಕಾಲದ ಜಡ್ಜ್ ಕೃಷ್ಣ ಅಯ್ಯರ್. ಕಾನೂನು ಮಂತ್ರಿ ಗೋಖಲೆಯವರು ಅಯ್ಯರ್ ಅವರಿಗೆ ಫೋನ್ ಮಾಡಿ, ಬಂದು ಭೇಟಿಯಾಗಬಹುದಾ ಅಂತ ಕೇಳಿದರು. ವಿಷಯ ಏನು ಅಂತ ಅಯ್ಯರ್ ಕೇಳಿದರು. ಪ್ರಧಾನಿಯವರ ಮೇಲ್ಮನವಿ ಅಂತ ಗೊತ್ತಾದ ಕೂಡಲೇ, ಅದಕ್ಕೆ ನನ್ನನ್ನು ನೋಡಬೇಕಾಗಿಲ್ಲ, ನಿಮ್ಮ ವಕೀಲರ ಕೈಲಿ ರಿಜಿಸ್ಟ್ರಿಯಲ್ಲಿ ಅರ್ಜಿ ಹಾಕಿಸಿ ಅಂದರು. ಜೂನ್ 24ರಂದು ಪೂರ್ತಿ ತಡೆಯಾಜ್ಞೆ ಕೊಡದೆ ಷರತ್ತಿನ ತಡೆ ಕೊಟ್ಟರು. ಮರುದಿನ ರಾತ್ರಿ ತುರ್ತು ಪರಿಸ್ಥಿತಿ.

ಫೋನಿನ ಒಂದು ಕಡೆ ಜಡ್ಜ್ ಆಗಿದ್ದ ಮಂತ್ರಿ, ಇನ್ನೊಂದು ಕಡೆ ಮಂತ್ರಿಯಾಗಿದ್ದ ಜಡ್ಜ್. ಜಡ್ಜ್‌ಗೆ ಹೀಗೆ ಫೋನ್ ಮಾಡಬಾರದು ಅಂತ ಇಬ್ಬರಲ್ಲಿ ಯಾರಿಗೆ ಚೆನ್ನಾಗಿ ಗೊತ್ತಿರಬೇಕಿತ್ತು? ಹಳೆಯ ಹುದ್ದೆ ನೋಡಿ ಮನುಷ್ಯನನ್ನು ಅಳೆಯಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಆ ಹುದ್ದೆಯಲ್ಲಿ ಇದ್ದಾಗ ಏನು ಮಾಡಿದರು, ಮುಂದಿನದು ಸಿಗಲಿ ಅಂತ ಮಾಡಿದರಾ, ಹೋದರೆ ಹೋಗಲಿ ಅಂತ ಮಾಡಿದರಾ, ನೋಡಬೇಕಾದ್ದು ಅಷ್ಟೇ.

ಕೆ.ಎಸ್. ಹೆಗ್ಡೆ ಕೂಡ ಹೀಗೇ ರಾಜಕೀಯಕ್ಕೆ ಹೋದರಲ್ವಾ?

ಹೌದು, ಆದರೆ ಮಂತ್ರಿಯಾಗಿ ಅಲ್ಲ. ಕಾರ್ಕಳ ತಾಲ್ಲೂಕಿನ ಕೌಡೂರಿನವರು. 1952ರಿಂದ ರಾಜ್ಯಸಭೆಯಲ್ಲಿದ್ದು, 1957ರಲ್ಲಿ ಮೈಸೂರು ಹೈಕೋರ್ಟ್ ಜಡ್ಜ್ ಆದರು. 1973ರಲ್ಲಿ ರಾಜೀನಾಮೆ ಕೊಟ್ಟ ಮೂವರಲ್ಲಿ ಒಬ್ಬರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭಾಧ್ಯಕ್ಷರಾದರು. ಕಾಂಗ್ರೆಸ್ಸಿನಿಂದ ಬಂದು ಕಾಂಗ್ರೆಸ್ ಸರ್ಕಾರದ ವಿರುದ್ಧವೇ ತೀರ್ಪು ಬರೆದವರು ಅನ್ನುವುದನ್ನು ಮರೆಯಬಾರದು. ಇನ್ನೊಂದು ವಿಚಿತ್ರ ನೋಡಿ, ಖನ್ನಾ ಮಂತ್ರಿಯಾಗಿದ್ದ ಆ ಮೂರು ದಿನ ಸ್ಪೀಕರ್ ಕೂಡ ಹೆಗ್ಡೆಯವರೇ. ಇಂದಿರಾ ಸರ್ಕಾರ ದಾಟಿ ಹೋಗಿದ್ದ ಇಬ್ಬರು ಜಡ್ಜ್‌ಗಳು ಒಂದೇ ಹೊತ್ತಿಗೆ ಆ ಎರಡು ಜಾಗದಲ್ಲಿ!

ರಾಷ್ಟ್ರಪತಿ ಚುನಾವಣೆಗೂ ನಿಂತಿದ್ದರಂತೆ?

1982ರಲ್ಲಿ, ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ, ಜೈಲ್ ಸಿಂಗ್ ವಿರುದ್ಧ. ದೊಡ್ಡ ಅಂತರದಲ್ಲಿ ಸೋತರು. ಸೋಲುವುದು ಮೊದಲೇ ಗೊತ್ತಿದ್ದ ಸ್ಪರ್ಧೆ ಅದು. ಅವರಿಗಿಂತ ಮೊದಲು 1967ರಲ್ಲಿ ಕೆ. ಸುಬ್ಬರಾವ್ ಮುಖ್ಯ ನ್ಯಾಯಮೂರ್ತಿ ಹುದ್ದೆಗೇ ರಾಜೀನಾಮೆ ಕೊಟ್ಟು ಜಾಕಿರ್ ಹುಸೇನ್ ವಿರುದ್ಧ ನಿಂತು ಸೋತಿದ್ದರು. ಪೀಠದಿಂದ ಎದ್ದು ನೇರ ಚುನಾವಣೆಗೆ ಹೋಗುವುದು ನನಗೆ ಒಪ್ಪಿಗೆಯಾಗುವುದಿಲ್ಲ, ಎಷ್ಟೇ ದೊಡ್ಡವರಾಗಲಿ. ಖನ್ನಾ ಐದು ವರ್ಷ ಕಳೆದ ಮೇಲೆ ನಿಂತವರು.

ಇಷ್ಟು ವರ್ಷ ಬಿಡುವು ಇರಬೇಕು ಅಂತ ಕಾನೂನು ಬರಬಹುದಾ?

2020ರಲ್ಲಿ ರಂಜನ್ ಗೊಗೊಯಿ ನಿವೃತ್ತಿಯಾದ ನಾಲ್ಕು ತಿಂಗಳಿಗೆ ರಾಜ್ಯಸಭೆಗೆ ನಾಮಕರಣಗೊಂಡಾಗ, 2023ರಲ್ಲಿ ನಮ್ಮವರೇ ಆದ ಅಬ್ದುಲ್ ನಜೀರ್ ನಿವೃತ್ತರಾದ ಮರು ತಿಂಗಳೇ ಆಂಧ್ರದ ರಾಜ್ಯಪಾಲರಾಗಿ ನೇಮಕವಾದಾಗ, 2024ರಲ್ಲಿ ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ ರಾಜೀನಾಮೆ ಕೊಟ್ಟು ಎರಡೇ ದಿನಕ್ಕೆ ಬಿಜೆಪಿ ಸೇರಿದಾಗ, ಪ್ರತಿ ಸಲವೂ ಈ ಚರ್ಚೆ ಏಳುತ್ತದೆ, ತಣ್ಣಗಾಗುತ್ತದೆ. ಎರಡು ವರ್ಷದ ಬಿಡುವು ಕಡ್ಡಾಯ ಮಾಡಿ ಅಂತ ಮುಂಬೈ ವಕೀಲರ ಸಂಘವೊಂದು ಹಾಕಿದ್ದ ಅರ್ಜಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕಾನೂನು ತರಬೇಕಾದ್ದು ಸಂಸತ್ತು. ಅಲ್ಲಿ ಅಧಿಕಾರದಲ್ಲಿರುವವರಿಗೆ ಇದು ಬೇಡ, ಅಧಿಕಾರ ಬಿಟ್ಟವರಿಗೆ ಮಾತ್ರ ಬೇಕು.

ಖನ್ನಾರ ಭಿನ್ನ ತೀರ್ಪಿಗೆ ಈಗ ಕಾನೂನಿನಲ್ಲಿ ಬೆಲೆ ಇದೆಯಾ?

ಈಗ ಅದೇ ಕಾನೂನು. 1978ರ 44ನೇ ತಿದ್ದುಪಡಿ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಮುಟ್ಟದಂತೆ ಮಾಡಿತು. 2017ರ ಆಗಸ್ಟ್ 24ರಂದು ಖಾಸಗಿತನದ ಕೇಸಿನಲ್ಲಿ ಒಂಬತ್ತು ಜಡ್ಜ್‌ಗಳ ಪೀಠ ಎಡಿಎಂ ಜಬಲ್ಪುರ ತೀರ್ಪನ್ನು ಹೆಸರಿಟ್ಟು ತಳ್ಳಿಹಾಕಿ, ಖನ್ನಾ ಹೇಳಿದ್ದೇ ಸರಿ ಅಂದಿತು. ಹಾಗೆ ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಇದ್ದರು, 1976ರಲ್ಲಿ ಬಹುಮತದ ಜೊತೆ ಹೋದ ವೈ.ವಿ. ಚಂದ್ರಚೂಡರ ಮಗ. ಆ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖನ್ನಾ ಇದನ್ನು ನೋಡಲಿಲ್ಲ, 2008ರಲ್ಲಿ ತೀರಿಕೊಂಡಿದ್ದರು.

ಸಂಜೀವ್ ಖನ್ನಾ ಇವರ ಮಗನಾ?

ಅಲ್ಲ, ಸಹೋದರನ ಮಗ. 2019ರಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ ಆದ ಮೊದಲ ದಿನ ಅವರು ಕೂತಿದ್ದು ಎರಡನೇ ಕೋರ್ಟ್ ಹಾಲಿನಲ್ಲಿ, ದೊಡ್ಡಪ್ಪ-ಚಿಕ್ಕಪ್ಪಂದಿರ ಪೈಕಿ ಅತಿ ಹೆಸರಾದ ಈ ಖನ್ನಾರ ಭಾವಚಿತ್ರ ಇರುವುದೂ ಅಲ್ಲೇ. 2024ರ ನವೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. 2025ರ ಮೇ ತಿಂಗಳಲ್ಲಿ ನಿವೃತ್ತರಾಗುವಾಗ, ಮುಂದೆ ಯಾವ ಅಧಿಕೃತ ಹುದ್ದೆಯನ್ನೂ ಒಪ್ಪಿಕೊಳ್ಳುವುದಿಲ್ಲ ಅಂತ ಹೇಳಿ ಹೋದರು.